ಹುಳದ ಮನೆಯಲ್ಲಿ ಒಣಗಿದ ಚಿತ್ರ

ನಮ್ಮ ದೊಡ್ಡಪ್ಪ ಎಡಗೈಯಲ್ಲಿ ಚಿತ್ರ ಬರೆಯುತ್ತಿದ್ದ, ಅದೇ ಕೈಯಲ್ಲಿ ದೊಡ್ಡವ್ವನಿಗೆ ಹೊಡೆಯುತ್ತಿದ್ದ. ಬಲಗೈಯ ಮೂರು ಬೆರಳುಗಳನ್ನು ಬರ್ಮಾದ ಯುದ್ಧದಲ್ಲಿ ಬಿಟ್ಟು ಬಂದಿದ್ದ. ಸತ್ತವರನ್ನು ಏಕವಚನದಲ್ಲಿ ಕರೆಯಬಾರದು ಎನ್ನುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ಮೇಡಂ ಆಗಿ ಮಕ್ಕಳಿಗೆ ಮರ್ಯಾದೆ ಕಲಿಸಿದವಳು ನಾನು, ಯಾರಿಗೆ ಎಷ್ಟು ಮರ್ಯಾದೆ ಕೊಡಬೇಕು ಎಂದು ನನಗೆ ಗೊತ್ತಿದೆ.

ಹೋದ ವರ್ಷ ಕೊಳ್ಳೇಗಾಲದಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆಯಿತು. ಬೆಂಗಳೂರಿನ ಒಂದು ಗ್ಯಾಲರಿಯವರಿಗೆ ಇದ್ದಕ್ಕಿದ್ದಂತೆ ಅವನ ನೆನಪಾಗಿತ್ತು. ಯುದ್ಧ ಮುಗಿದ ಮೇಲೆ ನಮ್ಮ ನಾಡಿನಲ್ಲಿ ಅಮೂರ್ತ ಚಿತ್ರ ಬರೆದ ಮೊದಲಿಗರಲ್ಲಿ ಇವರೂ ಒಬ್ಬರು, ಇವರ ಚಿತ್ರಗಳು ಹುಟ್ಟಿದ ಸೀಮೆಯಲ್ಲೇ ಮೊದಲು ಜನರ ಮುಂದೆ ಬರಬೇಕು ಎಂದು ಫೋನು ಮಾಡಿದರು. ಯಳಂದೂರಿನ ನಮ್ಮ ಮನೆಗೇ ಬಂದು ಅಟ್ಟದಿಂದ ಚಿತ್ರಗಳನ್ನು ಇಳಿಸಿ ವ್ಯಾನಿಗೆ ತುಂಬಿಕೊಂಡರು. ಹಳೇ ಸೀರೆ ಸುತ್ತಿಟ್ಟಿದ್ದ ಆ ಚಿತ್ರಗಳನ್ನು ದೊಡ್ಡವ್ವ ಒಂದು ಸಲವೂ ಬಿಚ್ಚಿ ನೋಡಿದವಳಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿ, ಮೈಯಲ್ಲಿ ಶಕ್ತಿ ಕುಂದಿದ ಮೇಲೆ ಅವಳು ನನ್ನ ಜೊತೆಗೆ ಬಂದಿದ್ದಳು. ಅವಳಿಗೆ ಮಕ್ಕಳಿಲ್ಲ. ನಾನು ಚಿಕ್ಕವಳಿದ್ದಾಗ ನನ್ನನ್ನು ಓದಿಸಲು ಇಟ್ಟುಕೊಂಡವಳೇ ಅವಳು. ಉದ್ಘಾಟನೆಗೆ ದೀಪ ಹಚ್ಚಲು ಅವಳೇ ಬರಬೇಕು ಎಂದು ಗ್ಯಾಲರಿಯವರು ಹಟ ಹಿಡಿದರು. ಆ ಚಿತ್ರಗಳಲ್ಲಿ ಒಂದರ ಬಗ್ಗೆ ನನಗೆ ಗೊತ್ತಿದ್ದ ಒಂದು ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಅದನ್ನು ಹೇಳದೆ ಅವಳ ಕೈಯ ಮುದ್ದೆ ಉಂಡಿದ್ದೆ, ಈಗ ಅವಳಿಗೆ ಉಣ್ಣಿಸುತ್ತಿದ್ದೆ.

ಅದು ನನಗೆ ಹತ್ತು ವರ್ಷವಾಗಿದ್ದಾಗಿನ ಮಾತು. ದೊಡ್ಡಪ್ಪನ ಮನೆ ಇದ್ದದ್ದು ಹನೂರಿನ ಆಚೆ, ಅಜ್ಜೀಪುರದ ಹತ್ತಿರ. ಮನೆಯ ಮುಂದೆ ತಗಡಿನ ಶೆಡ್ಡು ಹಾಕಿಕೊಂಡು ಅಲ್ಲಿ ಚಿತ್ರ ಬರೆಯುತ್ತಿದ್ದ. ಬರೆಯುತ್ತಿದ್ದ ಎನ್ನುವುದಕ್ಕಿಂತ ಮೆತ್ತುತ್ತಿದ್ದ ಎನ್ನಬೇಕು. ಗಾರೆ ಕೆಲಸದ ಕರಣೆಯಲ್ಲಿ ಬಣ್ಣ ತೆಗೆದು ಬಟ್ಟೆಗೆ ಬಡಿಯುವುದು, ಕೆರೆಯುವುದು, ಮತ್ತೆ ಬಡಿಯುವುದು. ಅದರಲ್ಲಿ ದೇವರಿಲ್ಲ, ಮನುಷ್ಯರಿಲ್ಲ, ಒಂದು ಮರವೂ ಇಲ್ಲ. ನೋಡಿದ ಊರವರು, ‘ಗ್ವಾಡೆಗೆ ಬಳಿಯೋದ ಬಟ್ಟೆಗೆ ಬಳ್ದವ್ನೆ ಕಣ್ಲಾ’ ಎಂದು ನಗುತ್ತಿದ್ದರು. ಅವನ ಎದುರಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಮನೆ ನಡೆಯುತ್ತಿದ್ದದ್ದು ದೊಡ್ಡವ್ವನ ರೇಷ್ಮೆ ಹುಳದಿಂದ. ಅವಳ ಕೈಗುಣ ಆ ಕಡೆಯ ಊರುಗಳಿಗೆಲ್ಲ ಗೊತ್ತಿತ್ತು. ಕಾಮಗೆರೆಯಿಂದಲೂ ಜನ ಬಂದು, ‘ನಮ್ ಮನೇಲೂ ಒಸಿ ಮೊದ್ಲ ಸೊಪ್ಪು ಆಕ್ಕೊಡವ್ವ’ ಎಂದು ಕರೆದುಕೊಂಡು ಹೋಗುತ್ತಿದ್ದರು. ಹುಳದ ಮನೆಯೊಳಗೆ ಅವಳು ನಡೆಯುವುದೇ ಬೇರೆ ತರಹ. ಮಾತು ಕಡಿಮೆ, ಹೆಜ್ಜೆ ಮೆಲ್ಲಗೆ, ಮುಖದಲ್ಲಿ ಹೊರಗೆ ಎಂದೂ ಕಾಣದ ಒಂದು ನೆಮ್ಮದಿ. ಮೈ ನೀಲಿಗಟ್ಟಿದ ದಿನವೂ ಒಳಗೆ ಹೋಗಿ ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹರಡಿ, ಹುಳ ತಲೆ ಎತ್ತುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು.

ಮುಟ್ಟಾದವರು ಹುಳದ ಮನೆಗೆ ಕಾಲಿಡಬಾರದು ಎಂಬುದು ನಮ್ಮ ಕಡೆಯ ಕಟ್ಟುಪಾಡು. ಕಾಲಿಟ್ಟರೆ ಹುಳ ಸಾಯುತ್ತವೆ ಎನ್ನುತ್ತಿದ್ದರು. ಆ ಮೂರು ದಿನ ಸೊಪ್ಪು ಹಾಕುವುದು ದೊಡ್ಡಪ್ಪನ ಪಾಲು.

ಆ ಸಲ ಹುಳ ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆ ಹುಳ ಪೊರೆ ಬಿಡುವ ಮೊದಲು ಉಪವಾಸ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕೊನೆಯದು. ಅದು ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ದೊಡ್ಡವ್ವ ಹೊರಗಾಗಿ ಹಿಂದಿನ ಜಗಲಿಯಲ್ಲಿ ಕೂತಿದ್ದಳು. ಮಧ್ಯಾಹ್ನ ಬೀಸಿದ ಗಾಳಿಗೆ ಶೆಡ್ಡಿನ ತಗಡು ಹಾರಿ ಹೋಯಿತು. ಒಳಗಿದ್ದ ದೊಡ್ಡ ಚಿತ್ರ ಇನ್ನೂ ಹಸಿಯಾಗಿತ್ತು. ದೊಡ್ಡಪ್ಪ ಅದನ್ನು ಹೊತ್ತುಕೊಂಡು ಮುಂದಿನ ಅಂಗಳದಲ್ಲೇ ಇದ್ದ ಹುಳದ ಮನೆಗೆ ಬಂದ, ಹಿಂದಿನ ಜಗಲಿಗೆ ಅದು ಕಾಣುತ್ತಿರಲಿಲ್ಲ. ಬಾಗಿಲು ತೆಗೆದು ಹಿಡಿದವಳು ನಾನು. ಒಳಗೆ ಇದ್ದಿಲ ಕಾವಿತ್ತು, ಬೇಗ ಒಣಗಲಿ ಎಂದು ಚಿತ್ರವನ್ನು ತಟ್ಟೆಗಳ ಸ್ಟ್ಯಾಂಡಿಗೆ ಒರಗಿಸಿದ. ಟರ್ಪೆಂಟೈನಿನಲ್ಲಿ ನೆಂದ ಬಟ್ಟೆಯಿಂದ ಅದರ ಅಂಚನ್ನೆಲ್ಲಾ ಒರೆಸಿದ. ಕಣ್ಣಲ್ಲಿ ನೀರು ಬರುವಷ್ಟು ವಾಸನೆ. ‘ಯಾರ್ಗಾರಾ ಯೋಳುದ್ರೆ ಚರ್ಮ ಸುಲಿತೀನಿ’ ಎಂದ. ಮಾತಿಗೆ ಹೇಳುವವನಲ್ಲ, ಸುಲಿಯುವವನೇ.

ಬೆಳಿಗ್ಗೆ ಚಿತ್ರವನ್ನು ತಾನೇ ಆಚೆಗೆ ತಂದ. ಸೊಪ್ಪು ಹಾಕದೆ ಹನೂರಿಗೆ ತಗಡು ತರಲು ಹೋದ. ಹೊತ್ತು ಏರಿತು. ಹುಳ ಹಸಿದಿವೆ ಎಂದು ದೊಡ್ಡವ್ವ ಜಗಲಿಯಲ್ಲಿ ಕೂತಲ್ಲೇ ಚಡಪಡಿಸಿದಳು. ಕೊನೆಗೆ ತಡೆಯಲಾರದೆ, ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಒಳಗೆ ಹೋಗಿ ಸೊಪ್ಪು ಹಾಕಿ ಬಂದಳು. ಟರ್ಪೆಂಟೈನಿನ ವಾಸನೆ ಗಂಡನ ಮೈಯಲ್ಲಿ, ಹಾಸಿಗೆಯಲ್ಲಿ, ತನ್ನ ಸೀರೆಯಲ್ಲಿ ದಿನವೂ ಇರುತ್ತಿದ್ದರಿಂದ ಅವಳಿಗೆ ಬೇರೆಯಾಗಿ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಹುಳ ಹಸಿರು ಕಾರಿಕೊಳ್ಳತೊಡಗಿದವು. ತಲೆ ಆಡಿಸುತ್ತಾ, ಮೈ ತಿರುಚುತ್ತಾ, ಒಂದರ ಮೇಲೊಂದು ಬಿದ್ದು ಸತ್ತವು. ತಟ್ಟೆ ತಟ್ಟೆಗಳೇ ಸತ್ತವು. ಹನೂರಿನಿಂದ ಬಂದ ದೊಡ್ಡಪ್ಪ ನೋಡಿದ. ನನ್ನ ಜಡೆ ಹಿಡಿದು ಎತ್ತಿ, ‘ನಿನ್ ದೊಡ್ಡವ್ವ ಒಳಕ್ಕೋಗಿದ್ಲಾ?’ ಎಂದ.

ಹೂಂ ಎಂದೆ. ಅದು ಸುಳ್ಳಲ್ಲ. ಆದರೆ ಇನ್ನೊಂದು ಮಾತಿತ್ತು, ಅದನ್ನು ನುಂಗಿದೆ. ಜಡೆ ಅವನ ಕೈಯಲ್ಲಿತ್ತು.

ಸೊಪ್ಪು ತೆಗೆದ ಹಸಿ ಕಡ್ಡಿಗಳ ರಾಶಿ ಅಂಗಳದಲ್ಲೇ ಬಿದ್ದಿತ್ತು. ಮೊದಲು ಅದರಲ್ಲಿ ಹೊಡೆದ. ಒಂದು ಮುರಿದರೆ ಇನ್ನೊಂದು. ಬೆನ್ನಿನ ಮೇಲೆ ಕುಪ್ಪಸ ಹರಿದು ಬರೆಗಳಿಂದ ರಕ್ತ ಒಸರಿತು. ದೊಡ್ಡವ್ವ ಕೂಗಲಿಲ್ಲ. ‘ನಂದೇ ತಪ್ಪು, ನಾನೇ ಕೊಂದ್ಬುಟ್ಟೆ’ ಎಂದು ಅಳುತ್ತಿದ್ದಳು. ಅವಳು ಒಪ್ಪಿಕೊಂಡಷ್ಟೂ ಅವನ ಸಿಟ್ಟು ಏರಿತು. ಬಾಗಿಲಿಗೆ ಅಡ್ಡ ಹಾಕುವ ಮರ ತೆಗೆದುಕೊಂಡ. ತಲೆಗೆ ಬೀಳುವುದನ್ನು ತಡೆಯಲು ಅವಳು ಬಲಗೈ ಎತ್ತಿದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕೈ ಮೊಣಕೈಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿ ಜೋತು ಬಿತ್ತು. ಅವನು ಮರ ಬಿಸಾಕಿ, ಅವಳನ್ನು ದಾಟಿಕೊಂಡು ಶೆಡ್ಡಿಗೆ ಹೋದ. ಸ್ವಲ್ಪ ಹೊತ್ತಿಗೆ ಕರಣೆ ಕೆರೆಯುವ ಸದ್ದು ಕೇಳಿಸಿತು. ಅದೇ ಚಿತ್ರದ ಮೇಲೆ ಕೆಂಪು ಬಡಿಯುತ್ತಿದ್ದ.

ಬಸ್ಸು ಹತ್ತಿದರೆ ಕಾಮಗೆರೆಯಲ್ಲಿ ಆಸ್ಪತ್ರೆ ಇತ್ತು. ಅಲ್ಲಿ ಹೇಗಾಯಿತು ಎಂದು ಕೇಳುತ್ತಾರಲ್ಲ, ಅದಕ್ಕೆ ಹೋಗಲಿಲ್ಲ. ಬಿದಿರ ದಬ್ಬೆ ಕಟ್ಟಿಕೊಂಡು ಕೂತಳು, ಕೈ ಸೊಟ್ಟಗೇ ಕೂಡಿಕೊಂಡಿತು. ಎರಡು ದಿನದ ಮೇಲೆ ರೇಷ್ಮೆ ಇಲಾಖೆಯವರೊಬ್ಬರು ಬಂದು ಸತ್ತ ಹುಳ ನೋಡಿದರು. ಎಣ್ಣೆ, ಔಷಧಿ, ಏನಾದರೂ ಘಾಟು ಒಳಗೆ ಹೋಗಿತ್ತೇ ಎಂದು ದೊಡ್ಡಪ್ಪನನ್ನು ಕೇಳಿದರು. ಇಲ್ಲ ಸಾ ಎಂದ. ನಾನು ಕಂಬದ ಹಿಂದೆ ನಿಂತಿದ್ದೆ. ಆಗ ನನಗೆ ಪೂರ್ತಿ ಅರ್ಥವಾಯಿತು, ಅವನಿಗೂ ಆಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಆಮೇಲೆ ಎಷ್ಟೋ ತರಗತಿಗಳಿಗೆ ವಿವರಿಸಿದ್ದೇನೆ, ಪ್ರತಿ ಸಲವೂ ಬೇಗ ಬೇಗ ಮುಂದಿನ ಗಾದೆಗೆ ಹೋಗಿದ್ದೇನೆ.

ದೊಡ್ಡವ್ವ ಮತ್ತೆ ಹುಳದ ಮನೆಗೆ ಕಾಲಿಡಲಿಲ್ಲ. ಕರೆಯಲು ಬಂದವರಿಗೆ, ‘ನನ್ ಕೈ ಕೆಟ್ಟೋಯ್ತು ಕಣವ್ವ, ನನ್ನ ಕರೀಬ್ಯಾಡಿ’ ಎನ್ನುತ್ತಿದ್ದಳು. ಅವರು ಸೊಟ್ಟಗಾದ ಕೈ ನೋಡಿ ಹಿಂದಿರುಗುತ್ತಿದ್ದರು. ಕೂಲಿಗೆ ಹೋದಳು, ಕಳೆ ಕಿತ್ತಳು, ಏಟು ತಿಂದಳು. ದೊಡ್ಡಪ್ಪ ಸಾಯುವ ಹೊತ್ತಿಗೆ ನಾನು ಕೆಲಸಕ್ಕೆ ಸೇರಿದ್ದೆ. ಆಗಲಾದರೂ ಹೇಳಬಹುದಿತ್ತು. ಹೆದರಿಸುವವನೇ ಇಲ್ಲದ ಮೇಲೆ ಯಾವ ಭಯ ಎಂದು ನನ್ನನ್ನು ನಾನೇ ಉಗಿದುಕೊಂಡೆ. ಈಗ ಇದ್ದದ್ದು ಅವಳ ಭಯ. ಹೇಳಿದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೆ ಎಂಬ ಭಯ.

ಪ್ರದರ್ಶನ ಇದ್ದದ್ದು ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಬಿಳಿ ಹಲಗೆಗಳ ಮೇಲೆ ಚಿತ್ರಗಳು, ಒಂದೊಂದಕ್ಕೂ ಒಂದೊಂದು ದೀಪ. ಕಾಲೇಜಿನ ಮಕ್ಕಳು, ಮೇಷ್ಟ್ರುಗಳು, ಖಾದಿ ಜುಬ್ಬಾದವರು ಸೇರಿದ್ದರು. ದೊಡ್ಡವ್ವ ದೀಪ ಹಚ್ಚಿದಳು. ಗ್ಯಾಲರಿಯ ಯುವಕ ಮೈಕು ಹಿಡಿದು, ಅತಿ ದೊಡ್ಡ ಕೆಂಪು ಚಿತ್ರದ ಮುಂದೆ ನಿಂತು ಮಾತಾಡಿದ. ಇದು ಯುದ್ಧಭೂಮಿಯ ಗಾಯ, ಕಲಾವಿದ ತನ್ನ ನೋವನ್ನು ಇಲ್ಲಿ ಬಣ್ಣಕ್ಕೆ ಒಪ್ಪಿಸಿದ್ದಾನೆ, ಆಮೇಲೆ ಶಾಂತನಾಗಿದ್ದಾನೆ ಎಂದ. ಶಾಂತನಾಗಿದ್ದಾನೆ ಎಂದಾಗ ನನಗೆ ಅವನ ಬಾಯಿಗೆ ಗುದ್ದಬೇಕು ಎನಿಸಿತು. ನನಗೂ ಅದೇ ಮನೆಯ ರಕ್ತ, ಕೈ ಮುಂದು. ತರಗತಿಯಲ್ಲಿ ಎಷ್ಟು ಸಲ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದೇನೋ ನನಗೇ ಗೊತ್ತು.

ಭಾಷಣ ಮುಗಿದು ಜನ ಕಾಫಿಯ ಕಡೆಗೆ ಸರಿದರು. ದೊಡ್ಡವ್ವ ಮಾತ್ರ ಆ ಚಿತ್ರದ ಬಳಿ ಹೋದಳು. ಕಣ್ಣು ಮಂಜು, ಹತ್ತಿರಕ್ಕೆ ಮುಖ ತಂದು ನೋಡಿದಳು. ಬೆರಳಿಂದ ಸವರಿದಳು. ಕೆಳಗಿನ ಮೂಲೆಯಲ್ಲಿ ಬೆರಳು ನಿಂತಿತು. ಮುಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

‘ಕೂಸೇ, ಇಲ್ ಬಾ’ ಎಂದಳು. ನನ್ನ ಬೆರಳು ಹಿಡಿದು ಆ ಜಾಗದ ಮೇಲೆ ಒತ್ತಿದಳು. ದಪ್ಪ ಬಣ್ಣದ ಅಡಿಯಲ್ಲಿ ಕಿರುಬೆರಳಿನಷ್ಟು ಉದ್ದದ ಉಬ್ಬು. ಪಕ್ಕದಲ್ಲಿ ಇನ್ನೊಂದು. ಅದರಾಚೆಗೆ ಇನ್ನೂ ಎರಡು.

‘ಏನಿದು?’

‘ಬಣ್ಣ ದೊಡ್ಡವ್ವ.’

‘ಬಣ್ಣ ಅಲ್ಲ. ಉಳ. ನಾಕ್ನೇ ಜ್ವರ ಎದ್ದಿರೋ ಉಳ. ನನ್ ಬೆರ್ಳಿಗೆ ಗೊತ್ತಾಯ್ತದೆ.’ ಅವಳು ಮತ್ತೆ ಒಂದೊಂದನ್ನೇ ಸವರಿದಳು. ‘ಈ ಪಟ ಉಳದ ಮನೆ ಒಳಕ್ಕೋಗಿತ್ತಾ?’

ತಟ್ಟೆಯಿಂದ ಹರಿದು ಬಂದ ಹುಳಗಳು ಹಸಿ ಬಣ್ಣಕ್ಕೆ ಅಂಟಿಕೊಂಡಿದ್ದವು. ಅವನು ಅವುಗಳ ಮೇಲೇ ಕೆಂಪು ಎಳೆದಿದ್ದ. ಹುಳ ಅಂಟಿದ್ದ ಸಂಗತಿ ನನಗೂ ಪ್ರದರ್ಶನದ ದಿನವೇ ತಿಳಿದದ್ದು. ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ.

‘ಓಗಿತ್ತು ದೊಡ್ಡವ್ವ. ನಾನೇ ಬಾಗ್ಲು ತಗ್ದಿದ್ದೆ. ಆ ಎಣ್ಣೆ ಘಾಟಿಗೇ ಉಳ ಸತ್ತೋದ್ದು. ನೀ ಒಳಕ್ಕೋಗಿದ್ಕೆ ಅಲ್ಲ.’

‘ನಿಂಗೆ ಆವತ್ತೇ ಗೊತ್ತಿತ್ತಾ?’

‘ಗೊತ್ತಿತ್ತು.’

ಸೊಟ್ಟ ಕೈಯಲ್ಲೇ ಹೊಡೆದಳು. ಎಂಬತ್ತೈದರ ಮುದುಕಿಯ ಏಟು ಅನ್ನುವ ಹಾಗಿರಲಿಲ್ಲ. ನನ್ನ ಕನ್ನಡಕ ಹಾರಿ ನೆಲಕ್ಕೆ ಬಿತ್ತು, ಬಾಯೊಳಗೆ ರಕ್ತದ ರುಚಿ ಬಂತು. ಹಾಲಿನಲ್ಲಿದ್ದವರೆಲ್ಲ ತಿರುಗಿದರು. ಅವಳು ಯಾರನ್ನೂ ನೋಡದೆ ಚಿತ್ರಕ್ಕೆ ಉಗುರು ಹಾಕಿದಳು. ಕೆಂಪು ಹೆಕ್ಕಳಿಕೆ ಎದ್ದು ಉದುರಿತು. ಯುವಕ ಓಡಿ ಬಂದು, ‘ಅಮ್ಮಾ, ಮುಟ್ಟಬಾರದು’ ಎಂದು ಅವಳ ಕೈ ಹಿಡಿದು ಎಳೆದ. ಆ ಕೈಯನ್ನು ಹಾಗೆ ಎಳೆದದ್ದು ನೋಡಿ ನಾನು ನುಗ್ಗಿದೆ. ಅವನ ಜುಬ್ಬಾ ಹಿಡಿದು ಹಲಗೆಗೆ ತಳ್ಳಿದೆ. ಹಲಗೆ ವಾಲಿತು, ಪಕ್ಕದ ಚಿತ್ರ ಬಿದ್ದು ಚೌಕಟ್ಟು ಒಡೆಯಿತು. ಇಬ್ಬರು ಮೇಷ್ಟ್ರುಗಳು ನನ್ನನ್ನು ಹಿಡಿದುಕೊಂಡರು. ಅವರಲ್ಲೊಬ್ಬ ನನ್ನ ಹಳೇ ವಿದ್ಯಾರ್ಥಿ. ‘ಮೇಡಂ, ಬಿಡಿ ಮೇಡಂ’ ಎಂದು ಬೇಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ದೊಡ್ಡವ್ವ ಮೂಲೆಯನ್ನು ಪೂರ್ತಿ ಕೆರೆದು ಮುಗಿಸಿದ್ದಳು. ಉಗುರ ಸಂದಿಯಲ್ಲಿ ರಕ್ತ ಬಂದಿತ್ತು. ಅಂಗೈಯಲ್ಲಿ ಒಣಗಿ ಕಪ್ಪಾದ ನಾಲ್ಕು ಹುಳ.

ಯಳಂದೂರಿಗೆ ಆಟೋ ಮಾಡಿಕೊಂಡು ಹೊರಟೆವು. ದಾರಿಯಲ್ಲಿ ನಾನು ಅತ್ತೆ. ಅಂದು ಅವನು ಹೊಡೆಯುತ್ತಿದ್ದಾಗ ನಿಂತು ನೋಡಿದೆನಲ್ಲ, ನಿನ್ನ ಕೈ ನನ್ನಿಂದ ಮುರಿಯಿತು, ಕ್ಷಮಿಸು ಎಂದೆ.

‘ಕೈ ಮಾತ ಬುಡು’ ಎಂದಳು. ‘ನೀ ಬಾಯ್ ಬುಟ್ಟಿದ್ರೂ ಅವ್ನು ಒಡೀತಿದ್ದ. ನಿನ್ನೂ ಸೇರ್ಸಿ ಒಡೀತಿದ್ದ. ನೀ ಸಣ್ಣ ಕೂಸು, ಎದ್ರುಕಂಡೆ. ಅದ ನಾ ಕೇಳ್ತಿಲ್ಲ.’

ರಸ್ತೆಯ ಪಕ್ಕ ಕಬ್ಬಿನ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು. ಅವಳು ಮುಷ್ಟಿ ಬಿಗಿ ಹಿಡಿದು ಮುಂದಕ್ಕೆ ನೋಡುತ್ತಿದ್ದಳು.

‘ಅವ್ನು ಸತ್ತ ಮಾರ್ನೇ ದಿನ ಯೋಳಿದ್ರೂ ನಾ ಉಳದ ಮೊಟ್ಟೆ ತರ್ತಿದ್ದೆ. ನಂಗಿನ್ನೂ ಶಕ್ತಿ ಇತ್ತು. ಇನ್ನೂ ಇಪ್ಪತ್ತೊರ್ಸ ಉಳ ಸಾಕ್ತಿದ್ದೆ.’

ಮನೆ ಬಂತು. ಪ್ರತಿ ಸಲದಂತೆ ನಾನು ಮೊದಲು ಇಳಿದು, ಅವಳನ್ನು ಇಳಿಸಿಕೊಳ್ಳಲು ಕೈ ನೀಡಿದೆ. ಅವಳು ಅದನ್ನು ನೋಡಿದಳು. ಆಟೋದ ಕಂಬಿ ಹಿಡಿದುಕೊಂಡು, ನಿಧಾನವಾಗಿ, ತಾನೇ ಇಳಿದಳು.