ಜೀಪಿನ ಮೇಲೆ ಕಟ್ಟಿದ ಅಜ್ಜಿ

ಕಾರ್ಟೂನ್ ಸಿನಿಮಾದ ಮನೆಮಂದಿ ನಿಧಿ ಹುಡುಕಲು ಹೊರಟಾಗ, ಒಳಗೆ ಜಾಗವಿಲ್ಲವೆಂದು ಅಜ್ಜಿಯನ್ನು ಜೀಪಿನ ಮೇಲೆ ಗಂಟುಮೂಟೆಗಳೊಡನೆ ಹಗ್ಗದಿಂದ ಬಿಗಿದರು. ಉಮದಿಯ ನಮ್ಮ ಪಡಸಾಲೆಯಲ್ಲಿ ಸಿ.ಡಿ. ಹಾಕಿಕೊಂಡು ಕೂತಿದ್ದ ಮಗಳು, ಅಳಿಯ, ಮೊಮ್ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

“ಭಾಳ ಮಸ್ತ್ ಐತಿ! ನಾಳಿ ವಿಜಾಪುರಕ್ಕ ಹೋಗೂಮುಂದ ನಿನ್ನೂ ಹಿಂಗ ಕಟ್ಟೂಣೇನ ಆಯಿ?” ಎಂದಳು ಹಿರಿಯ ಮೊಮ್ಮಗಳು.

ಅಳಿಯನೆದುರು ಎಂದೂ ದನಿ ಎತ್ತದ ನಾನು ಎದ್ದು ಟಿ.ವಿ. ಆರಿಸಿದೆ. “ಚಕ್ಕಡಿ ಹೂಡಿದ್ರ ಕೌದಿ ಹಾಸಿ ಮೊದಲ ನಮ್ಮತ್ತಿನ್ನ ಕುಂದ್ರಿಸಿ, ಆಮ್ಯಾಲ ನಾವು ಏರತಿದ್ವಿ. ನಗೂದೇನೈತಿ ಇದರಾಗ?” ಎಂದೆ.

ಮೊಮ್ಮಕ್ಕಳೇ, ಆಮೇಲೆ ನಾನಿಲ್ಲದಾಗ ನೀವು ಉಳಿದರ್ಧ ನೋಡಿ, ಸಿನಿಮಾ ಚಲೋ ಇತ್ತೆಂದು ಊರಿಗೆಲ್ಲ ಹೇಳಿದಿರಿ. ಕೊನೆಗೆ ಆ ಅಜ್ಜಿಯನ್ನು ಕೆಳಗಿಳಿಸಿದರೋ ಇಲ್ಲವೋ, ಅದನ್ನು ಮಾತ್ರ ನನಗೆ ಇಂದಿಗೂ ಯಾರೂ ಹೇಳಿಲ್ಲ.