ಹಲಗೆ ದಾಟಿದವರಿಗೆ ಮಾತ್ರ ಆಚೆ ದ್ವೀಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹಲಗೆಯಮ್ಮ ಫೋನನ್ನು ಕಿವಿಗೊತ್ತಿಕೊಂಡು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದಾರೆ. ವರ್ಷವಿಡೀ ಬೆಚ್ಚಗಿರುವ ಸಮುದ್ರದಲ್ಲಿ ಒಂದು ದ್ವೀಪಗಳ ಗುಂಪಿದೆ; ಮೊದಲು ವಿಮಾನ, ಆಮೇಲೆ ದೋಣಿ. ಅಲ್ಲಿಗೆ ಹೋಗುವವರ ಪ್ರವಾಸವನ್ನು ಮನೆ ಬಾಗಿಲಿಂದ ಮನೆ ಬಾಗಿಲವರೆಗೆ ಹೊಂದಿಸಿಕೊಡುವುದು ಇವರ ಕೆಲಸ. ಅಲ್ಲಿ ಗಾಳಿ ಹೇಗಿದೆ, ಯಾವ ದೋಣಿ ಹೊರಡುತ್ತದೆ ಎಂದು, ಅಲ್ಲೇ ದೋಣಿ ನಡೆಸುವ ದೋಣಿಯಣ್ಣನನ್ನು ಕೇಳಿ ತಿಳಿದುಕೊಳ್ಳುವವರೆಗೆ ಒಂದು ಗುಟುಕು ಚಹಾ ಕೂಡ ಅವರ ಗಂಟಲಲ್ಲಿ ಇಳಿಯುವುದಿಲ್ಲ.

ಇವತ್ತು ದೋಣಿಯಣ್ಣ ಗಾಳಿಯ ಮಾತೇ ಎತ್ತಲಿಲ್ಲ.

“ನಿಮ್ಮಕ್ಕ ನನ್ನ ದೋಣೀಲಿ ಬಂದು ಕೂತಿದ್ದಾರೆ ಹಲಗೆಯಮ್ಮ. ಆಚೆ ದ್ವೀಪಕ್ಕೆ ಹೋಗ್ಬೇಕಂತೆ. ಜಪ್ಪಯ್ಯ ಅಂದ್ರೂ ಇಳೀತಿಲ್ಲ.”

“ಏನು? ಅವಳು ಯಾಕೆ ನಿನ್ನ ದೋಣಿ ಹತ್ತಿದ್ಲು? ಇಳಿಸಣ್ಣ ಅವಳನ್ನ!”

“ಹೇಗೆ ಇಳಿಸ್ಲಿ? ಎತ್ತಿ ಬಿಸಾಡ್ಲಾ? ಅಕ್ಕಿ ಮೂಟೆ ಏರಿಸ್ತಿದ್ದಾರೆ, ಮುಗಿದ್ಮೇಲೆ ಫೋನ್ ಮಾಡ್ತೀನಿ. ನೀರಿನ ಇಳಿತ ಶುರುವಾಗೋಕೆ ಮುಂಚೆ ಹೊರಡಬೇಕು. ಕರ್ಕೊಂಡು ಹೋಗ್ಲೋ ಬೇಡ್ವೋ, ಅಷ್ಟರಲ್ಲಿ ಯೋಚಿಸಿ ಹೇಳಿ.”

ಫೋನು ಕಟ್ಟಾಯಿತು. ಹಲಗೆಯಮ್ಮ ಕಾಲು ಸುಟ್ಟ ಬೆಕ್ಕಿನಂತೆ ಮತ್ತೆ ಕಿಟಕಿಗೆ ಹೋದರು, ಬಾಗಿಲಿಗೆ ಬಂದರು. ಅಕ್ಕ ಒಂದು ದೋಣಿ ಹತ್ತಿದ್ದಕ್ಕೆ ಇಷ್ಟೊಂದು ಗಾಬರಿ ಯಾಕೆ ಎಂಬುದು ಗೊತ್ತಾಗಬೇಕಾದರೆ ಕೋಣೆಯ ಹಿಂದಿನ ಅಂಗಳಕ್ಕೆ ಇಳಿದು ಆ ಹಲಗೆಯನ್ನೊಮ್ಮೆ ನೋಡಬೇಕು.

ಅದೊಂದು ಉದ್ದನೆಯ ಮರದ ಹಲಗೆ. ಒಂದು ತುದಿ ಮೋಟುಗೋಡೆಯ ಮೇಲೆ, ಇನ್ನೊಂದು ತುದಿ ನೆಲದ ಮೇಲೆ. ಅಡಿಯಲ್ಲಿ ಹಳೆಯ ಟೈರಿನ ತುಂಡುಗಳನ್ನು ಇಟ್ಟಿರುವುದರಿಂದ ಕಾಲಿಟ್ಟರೆ ಸಾಕು, ತೂಗಾಡುತ್ತದೆ. ಒಳಗಿನ ದ್ವೀಪಗಳಲ್ಲಿ ಜೆಟ್ಟಿ ಇದೆ. ದೋಣಿಯಿಂದ ನೇರವಾಗಿ ಕಾಲಿಟ್ಟು ಇಳಿಯಬಹುದು. ಎಲ್ಲಕ್ಕಿಂತ ಆಚೆಗಿರುವ ದ್ವೀಪದಲ್ಲಿ ಜೆಟ್ಟಿ ಇಲ್ಲ. ದೋಣಿಯ ಮೂತಿಯಿಂದ ಹೀಗೇ ಒಂದು ಹಲಗೆಯನ್ನು ನೀರಿಗೆ ಇಳಿಬಿಡುತ್ತಾರೆ. ಬ್ಯಾಗನ್ನು ತಲೆಯ ಮೇಲೆ ಹೊತ್ತು ಅದರ ಮೇಲೆ ನಡೆದು, ಮೊಣಕಾಲುದ್ದ ನೀರಿಗಿಳಿದು ದಡ ಸೇರಬೇಕು. ಆಚೆ ದ್ವೀಪ ಬೇಕು ಎಂದು ಬಂದವರನ್ನೆಲ್ಲ ಹಲಗೆಯಮ್ಮ ಈ ಅಂಗಳಕ್ಕೆ ಕರೆತಂದು, ಚಪ್ಪಲಿ ಬಿಡಿಸಿ, ತುಂಬಿದ ಬ್ಯಾಗು ಹೊರಿಸಿ ಹಲಗೆ ಹತ್ತಿಸುತ್ತಾರೆ. ದಾಟಿದವರಿಗೆ ಟಿಕೆಟ್ಟು. ಬಿದ್ದವರಿಗೆ ಜೆಟ್ಟಿ ಇರುವ ದ್ವೀಪ.

ಕೆಳಗಿನ ಅಂಗಡಿಯ ದರ್ಜಿಗೆ ಇದಕ್ಕಿಂತ ದೊಡ್ಡ ಮನರಂಜನೆ ಇಲ್ಲ. “ಟಿವಿ ತಗೋಬೇಕು ಅಂತಿದ್ದೆ, ಇವರು ಬಂದ್ಮೇಲೆ ಆ ಯೋಚನೆ ಬಿಟ್ಟೆ” ಎನ್ನುತ್ತಾರೆ. ಹೊಸದಾಗಿ ಮದುವೆಯಾದವರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಎಲ್ಲರೂ ಬೀಳುವುದನ್ನು ಅವರು ಕತ್ತರಿ ಹಿಡಿದುಕೊಂಡೇ ನೋಡಿದ್ದಾರೆ. ಬಿದ್ದವರು ರೇಗುತ್ತಾರೆ, ಗೋಗರೆಯುತ್ತಾರೆ. ಹಲಗೆಯಮ್ಮ ಸುತರಾಂ ಜಗ್ಗುವುದಿಲ್ಲ.

“ನನ್ನ ಮೇಲೆ ಕೋಪ ಮಾಡ್ಕೊಂಡೇ ಹೋಗ್ಲಿ, ಕೈಕಾಲು ನೆಟ್ಟಗಿದ್ದು ವಾಪಸ್ ಬರ್ಲಿ. ಅಲ್ಲಿ ಆಸ್ಪತ್ರೆ ಇಲ್ಲ. ಬಿದ್ದು ಮೂಳೆ ಮುರೀತು ಅಂದ್ರೆ ಮುಂದಿನ ದೋಣಿ ಬರೋವರೆಗೂ ನರಳ್ತಾ ಮಲಗಿರ್ಬೇಕು” ಎನ್ನುತ್ತಾರೆ.

ಇದು ಯಾರೋ ಹೇಳಿಕೊಟ್ಟ ಬುದ್ಧಿಯಲ್ಲ. ಮೊದಲು ಅವರು ಒಂದು ದೊಡ್ಡ ಪ್ರವಾಸ ಕಂಪನಿಯಲ್ಲಿ ಫೋನು ಎತ್ತುವ ಕೆಲಸಕ್ಕಿದ್ದರು. ಒಮ್ಮೆ ಕಂಪನಿಯವರೇ ಅವರನ್ನು ದ್ವೀಪ ನೋಡಿಕೊಂಡು ಬರಲು ಕಳಿಸಿದರು. ಆಚೆ ದ್ವೀಪದಲ್ಲಿ ಬ್ಯಾಗಿನ ಸಮೇತ ಧೊಪ್ಪನೆ ನೀರಿಗೆ ಬಿದ್ದರು. ಕೈ ಹಿಡಿದು ಎತ್ತಿದವರು ಈ ದೋಣಿಯಣ್ಣನೇ. ಕಂಪನಿ ಬಾಗಿಲು ಮುಚ್ಚಿದಾಗ ಉಳಿದಿದ್ದು ಆ ಒಂದು ಪರಿಚಯ. ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ಸ್ವಂತ ಕೆಲಸ ಶುರುವಾಯಿತು; ಆಮೇಲೆ ಅದೇ ಓಣಿಯ ದರ್ಜಿ ಅಂಗಡಿಯ ಮೇಲಿನ ಈ ಕೋಣೆ. “ದ್ವೀಪಕ್ಕೆ ಹೋಗೋ ಜನ ಈ ಓಣಿಗೆ ಬರ್ತಾರಾ?” ಎಂದು ನಕ್ಕವರೇ ಹೆಚ್ಚು. ಹೋಗಿಬಂದವರ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಈಗ ಓಣಿಗೆ ಜನ ಬರುತ್ತಾರೆ. ಹಾಗೆಂದು ಅವರ ಹೆಸರು ಎಲ್ಲೂ ಕಾಣಿಸುವುದಿಲ್ಲ. ಹೋದವರ ಫೋಟೋಗಳಲ್ಲಿ ಸಮುದ್ರವಿರುತ್ತದೆ, ಮೀನಿರುತ್ತದೆ, ಅವರವರ ಪಾದಗಳೂ ಇರುತ್ತವೆ. ಗಾಳಿ ಎದ್ದ ದಿನ ಹತ್ತು ಕಡೆ ಫೋನು ಮಾಡಿ ಬದಲಿ ದೋಣಿ ಹುಡುಕಿಕೊಟ್ಟವರು ಯಾರು ಎಂದು ಯಾರೂ ಬರೆಯುವುದಿಲ್ಲ.

ಅಕ್ಕನ ವಿಷಯಕ್ಕೆ ಬಂದರೆ ಹಲಗೆಯಮ್ಮನ ದನಿ ಮೆತ್ತಗಾಗುತ್ತದೆ. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದ್ದು ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಒದ್ದೆ ನೆಲದ ಮೇಲೆ ನಿಂತೇ ವಯಸ್ಸು ಕಳೆದರು. ಮೊಣಕಾಲು ಹಾಳಾಗಿ ಕೆಲಸ ಬಿಟ್ಟ ಮೇಲೆ ಮಧ್ಯಾಹ್ನ ಈ ಕೋಣೆಗೆ ಬಂದು, ಪ್ರವಾಸಿಗಳ ಬ್ಯಾಗುಗಳಿಗೆ ಚೀಟಿ ಕಟ್ಟುತ್ತಾ ಕೂರುತ್ತಿದ್ದರು. ತಂಗಿ ಬಂದವರಿಗೆಲ್ಲ ಆಚೆ ದ್ವೀಪವನ್ನು ಬಣ್ಣಿಸುವುದನ್ನು ಕೇಳೀ ಕೇಳೀ ಒಂದು ದಿನ, “ಊರಿಗೆಲ್ಲಾ ಹೇಳ್ತೀಯ. ನನಗ್ಯಾವಾಗ ತೋರಿಸ್ತೀಯೇ?” ಎಂದರು.

ಈ ವರ್ಷ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ: ಮೊಣಕಾಲು ಇನ್ನು ಸುಧಾರಿಸುವುದಿಲ್ಲ, ಮುಂದಿನ ವರ್ಷಕ್ಕೆ ಮನೆಯ ಮೆಟ್ಟಿಲೂ ಕಷ್ಟ. ಹೋದರೆ ಈಗಲೇ ಹೋಗಬೇಕು. ಅಕ್ಕನೂ ಬ್ಯಾಗು ಹೊತ್ತು ಹಲಗೆ ಹತ್ತಿದರು. ಎರಡು ಸಲ ದರ್ಜಿ ಹಿಡಿದುಕೊಂಡರು, ಮೂರನೆಯ ಸಲ ಹಿಡಿಯುವಷ್ಟರಲ್ಲಿ ಅಕ್ಕ ಬಿದ್ದೇಬಿಟ್ಟರು. ಎಲ್ಲರಿಗೂ ಒಂದೇ ನಿಯಮ ಎಂದು ಹಲಗೆಯಮ್ಮ ಅವರನ್ನು ಪಕ್ಕದ ಮನೆಯವರ ಜೊತೆಗೆ ಮಾಡಿ ಜೆಟ್ಟಿ ಇರುವ ದ್ವೀಪಕ್ಕೆ ಕಳಿಸಿದರು.

“ಅಕ್ಕ ಒಂದೇ ಮಾತಿಗೆ ಆಯ್ತು ಅಂದ್ಲು. ಆಗ್ಲೇ ನನಗೆ ಅನುಮಾನ ಬರ್ಬೇಕಿತ್ತು” ಎಂದು ಈಗ ಹಣೆ ಚಚ್ಚಿಕೊಳ್ಳುತ್ತಾರೆ.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಅಕ್ಕನದೇ ದನಿ.

“ಬೈಬೇಡ ಕಣೇ.”

“ಬೈಯದೆ ಇನ್ನೇನು ಮುದ್ದು ಮಾಡ್ಲಾ? ನೀನು ಬಿದ್ರೆ ಯಾರೇ ನೋಡೋರು ಅಲ್ಲಿ? ಇಳಿ ಮೊದಲು!”

“ಇಳಿಯಲ್ಲ. ಇಲ್ಲೀವರೆಗೂ ಬಂದು, ಆಚೆದಕ್ಕೆ ಹೋಗೋ ದೋಣಿ ಕಣ್ಣೆದುರೇ ಇರೋವಾಗ ವಾಪಸ್ ಬಾ ಅಂತೀಯಲ್ಲ, ನಿನಗೆ ಮನಸ್ಸಾದ್ರೂ ಹೇಗೆ ಬರುತ್ತೆ?”

ಹಲಗೆಯಮ್ಮ ಮತ್ತೊಮ್ಮೆ ಕಿಟಕಿಗೆ ಹೋಗಿ ಬಂದರು. ಗಿರಾಕಿಯಾಗಿದ್ದರೆ ಎರಡು ಮಾತಲ್ಲಿ ಮುಗಿಸುತ್ತಿದ್ದರು. ಕೊನೆಗೆ, “ದೋಣಿಯಣ್ಣನಿಗೆ ಕೊಡು” ಎಂದರು. “ಕರ್ಕೊಂಡು ಹೋಗಣ್ಣ. ಜೋಪಾನ. ಇನ್ನೇನು ಹೇಳ್ಲಿ ನಾನು!”

ದೋಣಿ ನಡುನೀರಿಗೆ ಹೋದ ಮೇಲೆ ಫೋನು ಸಿಗುವುದಿಲ್ಲ. ಆಚೆ ದಡ ಮುಟ್ಟುವವರೆಗೂ ಸುದ್ದಿಯಿಲ್ಲ. ಹಲಗೆಯಮ್ಮ ಕಸ ಗುಡಿಸಿದರು. ಗುಡಿಸಿದ್ದನ್ನೇ ಮತ್ತೆ ಗುಡಿಸಿದರು. ದರ್ಜಿ ತಂದಿಟ್ಟ ಚಹಾ ಕೆನೆಗಟ್ಟಿತು. ಹೊತ್ತೇರಿದ ಮೇಲೆ ಹೊಸ ದಂಪತಿ ಹಲಗೆ ದಾಟಲು ಬಂದರು. ಮದುಮಗಳು ತನ್ನಷ್ಟೇ ದಪ್ಪದ ಬ್ಯಾಗು ಹೊತ್ತು ಸರಸರನೆ ಇಳಿದುಬಿಟ್ಟಳು. ಹಲಗೆಯಮ್ಮ ನೋಡಲೇ ಇಲ್ಲ. “ಇನ್ನೊಂದ್ಸಲ ದಾಟಮ್ಮ, ನನ್ನ ಗಮನ ಎಲ್ಲೋ ಇತ್ತು” ಎಂದವರು ಆ ಇನ್ನೊಂದು ಸಲವೂ ನೋಡಲಿಲ್ಲ.

“ಏನಾದ್ರೂ ಆದ್ರೆ ನಾನೇ ಕೈಯಾರೆ ತಳ್ಳಿದ ಹಾಗೆ” ಎಂದು ದರ್ಜಿಯ ಮುಂದೆ ಅಂದರು. ಹೆದರಿಕೆ ಮುಚ್ಚಿಡುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ಸದಾ ಏನಾದರೂ ಕೊಂಕು ತೆಗೆಯುವ ದರ್ಜಿ ಕೆನೆಗಟ್ಟಿದ ಚಹಾ ಚೆಲ್ಲಿ ಬಿಸಿ ಚಹಾ ತಂದಿಟ್ಟರು.

ಬಿಸಿಲು ನೆತ್ತಿಗೆ ಬಂದಾಗ ಫೋನು ಬಂತು. ಅಂಗಳದಲ್ಲಿದ್ದ ನಾಲ್ವರೂ ಕಿವಿ ನಿಮಿರಿಸಿದರು.

“ಅಕ್ಕ ಇಳಿದ್ರು, ಹಲಗೆಯಮ್ಮ!” ದೋಣಿಯಣ್ಣನ ನಗು ಅಂಗಳಕ್ಕೆಲ್ಲ ಕೇಳಿಸಿತು. “ಬ್ಯಾಗೇ ತಂದಿಲ್ಲ ಅವರು. ಎರಡು ಜೊತೆ ಬಟ್ಟೆ ಒಂದರ ಮೇಲೊಂದು ಹಾಕ್ಕೊಂಡು ಬಂದಿದ್ದಾರೆ. ಹಲಗೆ ಮೇಲೆ ಕೂತ್ರು, ಎರಡು ಕೈಲೂ ಗಟ್ಟಿಯಾಗಿ ಹಿಡ್ಕೊಂಡ್ರು, ಮಕ್ಕಳ ಥರ ಜಾರಿ ಹೋಗ್ಬಿಟ್ರು! ನೀರಲ್ಲಿ ಕೂತಿದ್ದಾರೆ ಈಗ. ಎದ್ದು ಬನ್ನಿ ಅಂದ್ರೆ, ಇರಪ್ಪಾ ಅಂತಾರೆ.”

ಹಲಗೆಯಮ್ಮ ಮೋಟುಗೋಡೆಗೆ ಒರಗಿದರು. ಕಣ್ಣು ತುಂಬಿ ಬಂತು. ಅದರ ಜೊತೆಗೇ ನಗುವೂ ಬಂತು. “ಅಯ್ಯೋ, ಬ್ಯಾಗ್ ಕೆಳಗಿಟ್ಟು ಒಂದ್ಸಲ ದಾಟಿ ನೋಡು ಅಂತ ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೇಳ್ಲಿಲ್ಲವಲ್ಲ ನಾನು! ಎಂಥಾ ಪೆದ್ದಿ!”

ಮರುಕ್ಷಣವೇ ಅವರ ಮುಖ ಬದಲಾಯಿತು.

“ಅಣ್ಣಾ, ಜಾರಿದ್ದೇನೋ ಸರಿ. ವಾಪಸ್ ಹತ್ತೋದು ಹೇಗೆ?”



“ನಾನೂ ಅದನ್ನೇ ಕೇಳ್ದೆ” ಎಂದರು ದೋಣಿಯಣ್ಣ. “‘ಅದು ನನ್ನ ತಂಗಿ ಕೆಲಸ, ಅವಳು ನೋಡ್ಕೋತಾಳೆ’ ಅಂದ್ರು.”

ದರ್ಜಿ ತಡೆಯಲಾರದೆ ನಕ್ಕುಬಿಟ್ಟರು. ಹಲಗೆಯಮ್ಮ ನಗಲಿಲ್ಲ. ಹಲಗೆಯ ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ನೋಡಿದರು.

“ಮುಂದಿನ ದೋಣೀಲಿ ನನಗೊಂದು ಜಾಗ ಇಡಣ್ಣ. ನಾನೇ ಬರ್ತೀನಿ. ಸದ್ಯ ಅವಳನ್ನ ನೀರಿಂದ ಎಬ್ಬಿಸ್ಬೇಡ, ಪಾಪ, ಎಷ್ಟು ಹೊತ್ತು ಬೇಕಾದ್ರೂ ಕೂತಿರ್ಲಿ.”

ಫೋನು ಇಟ್ಟಾಗ ಮದುಮಗಳು ಮೆಲ್ಲಗೆ, “ಒಬ್ರೇ ಎತ್ತೋಕೆ ಆಗುತ್ತಾ ಅಮ್ಮ ನಿಮಗೆ?” ಎಂದು ಕೇಳಿದಳು.

ಹಲಗೆಯಮ್ಮ ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ತಿರುಗಿ ಹೇಳಿದರು:

“ನನಗೆ ಜ್ವರ ಬಂದಾಗೆಲ್ಲ ಸೊಂಟದ ಮೇಲೆ ಎತ್ಕೊಂಡು ಆಸ್ಪತ್ರೆಗೆ ನಡೆದವಳಮ್ಮ ಅವಳು. ಒಂದು ದೋಣಿಗೆ ಎತ್ತಿ ಕೂರಿಸೋದು ನನ್ನ ಕೈಲಿ ಆಗಲ್ವಾ?”