ಮುಳ್ಳು ತೆಗೆದ ಮನೆ

ಮೈಸೂರು ನನಗೆ ಪರದೇಶವಾಗಿತ್ತು. ಹೀಗೆಂದರೆ ಗೆಳೆಯರು ನಗುತ್ತಾರೆ. ಆದರೆ ಕಾಗದಪತ್ರಗಳಲ್ಲಿ ಹಾಗೇ ಇತ್ತು. ನಾನು ಹುಟ್ಟಿ ಬೆಳೆದದ್ದು ರಂಗೂನಿನಲ್ಲಿ. ಮರದ ಡಿಪೋ ಕೆಲಸಕ್ಕೆಂದು ತಾತ ಅಲ್ಲಿಗೆ ಹೋದ ಮೇಲೆ ನಮ್ಮವರಾರೂ ಈ ಕಡೆ ಬಂದಿರಲಿಲ್ಲ. ಮನೆಯಲ್ಲಿ ಆಡುವ ಕನ್ನಡ ಬಿಟ್ಟರೆ ಈ ಊರಿನ ನಂಟೇ ಇರಲಿಲ್ಲ.

ಐವತ್ತರ ದಶಕದ ಒಂದು ಜೂನ್ ತಿಂಗಳಲ್ಲಿ ಓದಲೆಂದು ಬಂದಿಳಿದೆ. ಕಾಲೇಜಿನ ಹಾಸ್ಟೆಲ್ ತುಂಬಿಹೋಗಿತ್ತು. ಪರದೇಶದವನು ತಾನಿರುವ ಮನೆಯ ವಿಳಾಸವನ್ನು ಪೊಲೀಸ್ ಕಚೇರಿಯಲ್ಲಿ ಬರೆಸಿ ಬಂದರಷ್ಟೇ ಸೀಟು ಎಂದರು ಗುಮಾಸ್ತರು. ಎರಡು ದಿನ ಬೀದಿಬೀದಿ ಅಲೆದೆ. ಗುರುತಿಲ್ಲದ ಒಂಟಿ ಹುಡುಗನಿಗೆ ಯಾರೂ ಕೋಣೆ ಕೊಡಲಿಲ್ಲ.

ಮೂರನೆಯ ದಿನ ಊರಂಚಿನ ಪಡುವಾರಹಳ್ಳಿಯಲ್ಲಿ, ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದ ಹೆಂಗಸೊಬ್ಬರು ನನ್ನನ್ನು ನಿಲ್ಲಿಸಿದರು.

"ಯಾವೂರಪ್ಪ ನಿಂದು?"

"ರಂಗೂನು."

"ಅದೆಲ್ಲಿ ಬತ್ತದೆ?"

"ಸಮುದ್ರದಾಚೆ ಅಮ್ಮ."

ಆಕೆ ಪಕ್ಕದಲ್ಲಿದ್ದ ತಮ್ಮ ಅಣ್ಣನ ಮುಖ ನೋಡಿದರು. ಆತ ಬೀಡಿ ಕೆಳಗಿಳಿಸಿ ತಲೆಯಾಡಿಸಿದ. ಆಮೇಲೆ ಆಕೆ ಎದುರಿನ ಹೆಂಚಿನ ಮನೆ ತೋರಿಸಿ, "ಅದು ನಮ್ಮದೇ. ಇರು, ಓದ್ಕೋ" ಎಂದರು. ಆ ಮನೆಯ ಬಾಗಿಲಿಗೆ ಒಂದು ದೊಡ್ಡ ಮುಳ್ಳುಕಂಟಿ ಅಡ್ಡ ಇಟ್ಟಿತ್ತು. ಮೇಕೆಗಳು ನುಗ್ಗದಿರಲೆಂದು ಇಟ್ಟಿದ್ದಾರೆ ಎಂದುಕೊಂಡೆ.

"ನೀನೇ ತೆಗೆಯಪ್ಪ. ನಮ್ ಕೈಯಲ್ಲಾಗಲ್ಲ," ಎಂದರು. ಎಳೆದು ಬದಿಗೆ ಹಾಕಿದೆ. ನಾನು ಬೀಗ ತೆರೆಯುವವರೆಗೂ ಬೀದಿಯವರೆಲ್ಲ ದೂರದಲ್ಲೇ ನಿಂತು ನೋಡಿದರು.

ಮರುದಿನವೇ ವಿಳಾಸ ಬರೆಸಿದೆ. ಕಾಲೇಜಿನಲ್ಲಿ ಹೆಸರು ಸೇರಿತು. ಇಲ್ಲಿಯ ಜನ ಬಹಳ ಉಪಚಾರದವರು, ದಾರಿಯಲ್ಲಿ ಸಿಕ್ಕವರೆಲ್ಲ ನಿದ್ದೆ ವಿಚಾರಿಸುತ್ತಾರೆ ಎಂದು ಅಪ್ಪನಿಗೆ ಕಾಗದ ಬರೆದೆ. ಅದು ನಿಜವೇ. "ಏನ್ ರಂಗೂನಪ್ಪಾ, ನಿದ್ದೆ ಬಂತಾ? ಕನಸೇನಾರ ಬಿತ್ತಾ?" ಎಂದು ಆಕೆಯ ಅಣ್ಣ ದಿನಾ ಬೆಳಿಗ್ಗೆ ಕೂಗಿ ಕೇಳುತ್ತಿದ್ದ. ಆದರೆ ಒಬ್ಬರೂ ಹೊಸ್ತಿಲು ದಾಟುತ್ತಿರಲಿಲ್ಲ. ಹಾಲು ಮಾರುವವಳು ಬೀದಿಯಲ್ಲೇ ನಿಂತು ಕೈ ಚಾಚಿ ನನ್ನ ಪಾತ್ರೆಗೆ ಹಾಲು ಹುಯ್ಯುತ್ತಿದ್ದಳು. ಎದುರಿನ ಜಗಲಿಯಲ್ಲಿ ಮನೆ ಕೊಟ್ಟಾಕೆಯ ಸೊಸೆ, ತುಂಬು ಬಸುರಿ, ಕಂಬಕ್ಕೊರಗಿ ಈ ಮನೆಯನ್ನೇ ನೋಡುತ್ತಾ ಕೂತಿರುತ್ತಿದ್ದಳು.

ಮೊದಲ ಬೆಳಗ್ಗೆಯೇ ಒಂದು ಸದ್ದು ಕೇಳಿತ್ತು. ಬಿಸಿಲು ಚೆನ್ನಾಗಿ ಬಂದ ಮೇಲೆ, ಒಳಕೋಣೆಯಲ್ಲಿ, ಕಬ್ಬಿಣಕ್ಕೆ ಕಬ್ಬಿಣ ಮೆಲ್ಲಗೆ ಬಡಿದ ಹಾಗೆ. ಇಪ್ಪತ್ತು, ಇಪ್ಪತ್ತೈದು ಪೆಟ್ಟು, ಆಮೇಲೆ ನಿಂತಿತು. ಹೋಗಿ ನೋಡಿದೆ. ಖಾಲಿ ಕೋಣೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ಗೋಡೆಯಾಚೆ ಯಾರದೋ ಅಡುಗೆಮನೆ ಇರಬೇಕು ಎಂದು ಮನೆ ಸುತ್ತಿ ಬಂದೆ. ಅಲ್ಲಿ ಹುಲ್ಲಿನ ಮೆದೆ ಇತ್ತು, ಅದರ ಹಿಂದೆ ಹೊಲ. ಸದ್ದು ಪ್ರತಿ ಬೆಳಿಗ್ಗೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂತು.

ಐದನೆಯ ದಿನ ಹಾಲಿನವಳನ್ನು ಕೇಳಿದೆ, ಯಾಕೆ ಯಾರೂ ಒಳಗೆ ಬರುವುದಿಲ್ಲ ಎಂದು.

"ಅಯ್ಯೋ, ನಿಮ್ಗೆ ಯೋಳಿಲ್ವಾ ಅಣ್ಣಯ್ಯ? ಈ ಮನೆ ಯಜಮಾನ್ರು, ಆಯಮ್ಮನ ಗಂಡ, ಕೆಟ್ಟ ನಕ್ಷತ್ರದಲ್ಲಿ ಓಗ್ಬುಟ್ರು. ಮೂರು ತಿಂಗ್ಳು ಮನೆ ಬುಡಬೇಕು. ಅದ್ಕೇ ಮುಳ್ಳಾಕಿದ್ದು."

"ಮತ್ತೆ ನನಗೆ ಯಾಕೆ ಕೊಟ್ಟರು?"

"ನೀವು ಸಮುದ್ರ ದಾಟಿ ಬಂದೋರು, ನಿಮ್ಗೆ ದೋಷ ತಟ್ಟಲ್ಲ ಅಂತ." ಅವಳು ದನಿ ತಗ್ಗಿಸಿದಳು. "ಆ ಬಸುರಿ ಹೆಣ್ಣು ನೋಡಿ, ದಿನ ತುಂಬ್ತಾ ಬಂತು. ತಾಯಿ ಇಲ್ಲ, ತೌರಿಲ್ಲ. ಅಲ್ಲಿ ಆಯಮ್ಮನ ಅಣ್ಣನ ಮನೇಲಿ ಒಂದೇ ಕೋಣೇಲಿ ಅತ್ತು ಜನ. ನೀವು ಏಳು ದಿನ ಏನೂ ಆಗ್ದಂಗೆ ಇದ್ರೆ, ಶಾಂತಿ ಮಾಡ್ಸಿ ಅವ್ಳನ್ನ ಮನೆಗೆ ಕರ್ಕೊಂಬತ್ತಾರೆ. ಏನಾರ ಕಂಡ್ರೆ, ಕೇಳುದ್ರೆ, ತಿರ್ಗಾ ಮುಳ್ಳೇ."

ಯಜಮಾನರು ಹೇಗಿದ್ದರು ಎಂದೆ.

"ಒಳ್ಳೇವ್ರು. ಬಾಯಲ್ಲಿ ಒಂದ್ ಹಲ್ಲೂ ಇರ್ಲಿಲ್ಲ. ಬೆಳಿಗ್ಗೆ ಬಿಸ್ಲೇರುತ್ಲೂ ಕೂತ್ಕೊಂಡು ಕಬ್ಬಿಣದ ಕುಟ್ಟಾಣೀಲಿ ಎಲೆ ಅಡ್ಕೆ ಕುಟ್ಕೊಳೋರು."

"ಆ ಕುಟ್ಟಾಣಿ ಎಲ್ಲಿದೆ ಈಗ?"

"ಅವ್ರ ಜೊತೆಗೇ ಮಣ್ಣಿಗಾಕುದ್ರು."

ಕೇಳಿದ್ದನ್ನು ಹೇಳಿದರೆ ಮನೆಗೆ ಮತ್ತೆ ಮುಳ್ಳು ಬೀಳುತ್ತಿತ್ತು. ಆ ಹೆಣ್ಣು ಹತ್ತು ಜನರ ನಡುವೆ ಹೆರಬೇಕಾಗುತ್ತಿತ್ತು. ನಾನೂ ಬೀದಿಗೆ ಬರುತ್ತಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಹೇಳದಿದ್ದರೆ, ಏನೆಂದು ನನಗೇ ಗೊತ್ತಿಲ್ಲದ ಒಂದರ ಬಳಿಗೆ ಬಸುರಿಯನ್ನು ಕಳಿಸಿದ ಹಾಗೆ. ಮುಂದಿನ ಎರಡು ಬೆಳಗ್ಗೆಯೂ ಕೋಣೆಯ ಬಾಗಿಲಲ್ಲೇ ಕೂತು ಕಾದೆ. ಸದ್ದು ಬಂತು. ಕಣ್ಣಿಗೆ ಏನೂ ಕಾಣಲಿಲ್ಲ.

ಏಳನೆಯ ದಿನ ಆಕೆ ಬೀದಿಯ ಮಧ್ಯಕ್ಕೆ ಬಂದು ನಿಂತರು. ಹಿಂದೆ ಅಣ್ಣ, ಅವನ ಹಿಂದೆ ಸೊಸೆ.

"ನಿಜ ಯೋಳು ಮಗ. ಏನಾರ ಕಂಡ್ಯಾ? ಕೇಳುದ್ಯಾ?"

"ಏನೂ ಇಲ್ಲ ಅಮ್ಮ," ಎಂದೆ.

"ನಾನೇಳ್ಲಿಲ್ವಾ, ರಂಗೂನಪ್ಪ ಗಟ್ಟಿ ಆಳು ಕಣಮ್ಮಿ!" ಎಂದು ಅಣ್ಣ ನಕ್ಕ. ಆಕೆ ನಗಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡರು.

ಎರಡು ದಿನದಲ್ಲಿ ಶಾಂತಿಯಾಗಿ ಸೊಸೆಯನ್ನು ಒಳಗೆ ಕರೆತಂದರು. ನಾನು ಹಾಸಿಗೆಯನ್ನು ಮುಂದಿನ ಪಡಸಾಲೆಗೆ ತಂದುಕೊಂಡೆ. ಮಾರನೆಯ ಬೆಳಿಗ್ಗೆ ಸೊಸೆ ನೀರಿನ ಬಿಂದಿಗೆ ಹಿಡಿದು ಒಳಕೋಣೆಯ ಮುಂದೆ ಹಾದುಹೋಗುವುದನ್ನು ನೋಡಿದೆ. ಅಲ್ಲಿ ಅವಳು ನಿಂತಳು. ತಲೆಯ ಮೇಲೆ ಸೆರಗೆಳೆದುಕೊಂಡು, ಗೋಡೆಗೆ ಬೆನ್ನು ಹಚ್ಚಿ, ಹಿರಿಯರು ಎದುರಾದಾಗ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದಳು. ಒಂದು ಕ್ಷಣ ಬಿಟ್ಟು ಮುಂದೆ ನಡೆದಳು. ನಾನು ನೋಡುತ್ತಿದ್ದುದು ಆಗ ಅವಳಿಗೆ ಕಂಡಿತು.

"ನಿಮ್ಗೂ ಕುಟ್ಟಾಣಿ ಸದ್ದು ಕೇಳಿಸ್ತಿತ್ತು, ಅಲ್ವಾ ಅಣ್ಣ?"

ನಾನು ಹಾಸಿಗೆ ಸುತ್ತತೊಡಗಿದೆ.

"ಅತ್ತೆಗೆ ಹೇಳ್ಬೇಡಿ. ನಂಗೆ ಗಂಡನ ಮನೆ ಬಿಟ್ರೆ ಬೇರೆ ಮನೆ ಇಲ್ಲ. ಮಾವ ಯಾವತ್ತೂ ನನ್ನ ಗದರಿದೋರಲ್ಲ. ಈಗೇನು ಹೊಸದಾಗಿ ಗದರ್ತಾರಾ?"

ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸತೊಡಗಿದಳು.